ಹೊಸ ಮನೆ, ಎರಡು ನಾಯಿ: ತೋಟದಲ್ಲಿ ಏನಿಡಬಹುದು, ಏನು ಬೇಡ?

ಕೈಮರ ಹೊಸಮನೆ:

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನಿಂದ ಕೈಮರಕ್ಕೆ ಹೋಗುವ ದಾರಿಯಲ್ಲಿ ಹೊಸದಾಗಿ ಮನೆ ಕಟ್ಟಿದ್ದೇವೆ. ಗೃಹಪ್ರವೇಶ ಆಯಿತು, ಬಣ್ಣದ ವಾಸನೆ ಇನ್ನೂ ಹೋಗಿಲ್ಲ. ಕಾಫಿ ತೋಟವನ್ನು ಸೈಟು ಮಾಡಿ ಮಾರಿದ ಲೇಔಟ್ ಇದು. ನಮ್ಮ ಹಿಂದಿನ ಬೇಲಿ ದಾಟಿದರೆ ಈಗಲೂ ತೋಟವೇ. ಕಾಫಿ, ಸಿಲ್ವರ್ ಓಕ್, ಅದರ ಮೇಲೆ ಮೆಣಸಿನ ಬಳ್ಳಿ.

ನಾಯಿಗಳು ಎರಡು. ಗುಂಡ ಲ್ಯಾಬ್ರಡಾರ್. ತಿನ್ನುವುದು ಬಿಟ್ಟು ಅವನಿಗೆ ಬೇರೆ ಧ್ಯಾನವಿಲ್ಲ. ಸೋಪು, ತೆಂಗಿನ ಚಿಪ್ಪು, ನಮ್ಮ ಮಾವನವರ ಬೆಲ್ಟು, ಎಲ್ಲ ಆಗಿದೆ. ಚುಕ್ಕಿ ಬೀದಿನಾಯಿ, ಬೆಂಗಳೂರಿನ ಬಾಡಿಗೆ ಮನೆ ಹತ್ತಿರ ಸಿಕ್ಕಿದವಳು. ಬಾಯಿ ವಿಷಯದಲ್ಲಿ ಹುಷಾರು, ಆದರೆ ಮಣ್ಣು ಕಂಡರೆ ಅಗೆಯಲೇಬೇಕು.

ನರ್ಸರಿಯವರು ಬಂದು ಜಾಗ ನೋಡಿ ಪಟ್ಟಿ ಕೊಟ್ಟಿದ್ದಾರೆ. ಗೇಟಿನ ಎರಡೂ ಬದಿ ಸೈಕಾಸ್ (ಈಚಲಿನಂತೆ ಕಾಣುವ ಅಲಂಕಾರದ ಗಿಡ), ಕಾಂಪೌಂಡ್ ಉದ್ದಕ್ಕೂ ಕಣಗಲೆ, ಜಗಲಿ ಮುಂದೆ ಆಂಥೂರಿಯಂ ಕುಂಡಗಳು, ನಡುವೆ ಲಾನ್. ಗುಲಾಬಿ ಗುಂಡಿಗೆ ಹರಳು ಹಿಂಡಿ, ಮೂಳೆಪುಡಿ. ಮಳೆಗಾಲದಲ್ಲಿ ಶಂಖದ ಹುಳು ಬಂದರೆ ಮದ್ದು ತಾವೇ ಹಾಕಿಕೊಡುತ್ತಾರಂತೆ. ನಮ್ಮ ಅತ್ತೆಗೆ ಸೋಮವಾರದ ಪೂಜೆಗೆ ಕಣಗಲೆ ಬೇಕೇ ಬೇಕು.

ನಾಯಿಗೆ ಆಗದ ಗಿಡ ಯಾವುದು ಅಂತ ನೆಟ್‌ನಲ್ಲಿ ಹುಡುಕಿದರೆ ಟ್ಯೂಲಿಪ್ ಬೇಡ, ಡ್ಯಾಫೊಡಿಲ್ ಬೇಡ ಅಂತ ಬರುತ್ತದೆ. ಅದನ್ನು ಕಟ್ಟಿಕೊಂಡು ಚಿಕ್ಕಮಗಳೂರಿನಲ್ಲಿ ನಾನೇನು ಮಾಡಲಿ? ಈ ಕಡೆ ನಾಯಿ ಸಾಕಿದವರು ಹೇಳಿ. ಪಟ್ಟಿಯಲ್ಲಿ ಯಾವುದನ್ನು ತೆಗೆಯಬೇಕು? ಗಾರೆಯವರು ಬಿಟ್ಟು ಹೋದ ಮೊಳೆ, ಟೈಲ್ಸ್ ಚೂರು ಕೂಡ ಮಣ್ಣಲ್ಲಿ ಬೇಕಾದಷ್ಟಿದೆ. ಅದನ್ನು ಹೇಗೆ ತೆಗೆಯುವುದು?


ಆಲ್ದೂರು ತೋಟದಮನೆ:

ಗಿಡದ ಮಾತು ಆಮೇಲೆ. ಹರಳು ಹಿಂಡಿ, ಹುಳುವಿನ ಮದ್ದು ಅಂತ ಅರ್ಧ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಲ್ಲ, ನನಗೆ ಗಾಬರಿಯಾದದ್ದು ಅದನ್ನು ಓದಿ. ನಾನು ಕಂಡ ಮಟ್ಟಿಗೆ ನಮ್ಮ ಸೀಮೆಯಲ್ಲಿ ನಾಯಿಗಳು ಗಿಡ ತಿಂದು ಸಾಯುವುದು ಕಡಿಮೆ. ಗಿಡಕ್ಕೆ ಹಾಕಿದ್ದನ್ನು ತಿಂದು ಸಾಯುವುದೇ ಜಾಸ್ತಿ.

ನಮ್ಮ ರಾಣಿ ಪಕ್ಕದ ತೋಟದಲ್ಲಿ ಮೆಣಸಿನ ಬಳ್ಳಿ ಬುಡಕ್ಕೆ ಹಾಕಿದ್ದ ಶಂಖದ ಹುಳುವಿನ ಮದ್ದು ತಿಂದು ಬಂದಿದ್ದಳು. ಮೊದಲು ಸುಮ್ನೆ ಜೊಲ್ಲು ಸುರಿಸುತ್ತಿದ್ದಳು. ಕಪ್ಪೆಗೆ ಬಾಯಿ ಹಾಕಿರಬೇಕು ಅಂದುಕೊಂಡೆವು. ಸ್ವಲ್ಪ ಹೊತ್ತಿಗೆ ತೊಡೆಯ ಚರ್ಮ ಅದುರಲು ಶುರುವಾಯಿತು, ನೊಣ ಕೂತರೆ ಹಸು ಮೈ ಅದುರಿಸುತ್ತದಲ್ಲ, ಹಾಗೆ. ಆಮೇಲೆ ಹಲ್ಲು ಕಟಕಟ. ನಾಲ್ಕೂ ಕಾಲು ಸೆಟೆದು ಅಂಗಳದಲ್ಲೇ ಬಿದ್ದಳು. ಹೊಟ್ಟೆ ಮುಟ್ಟಿದರೆ ಕಾದ ಹಂಚು. ಡಾಕ್ಟರು ಫಿಟ್ಸ್ ನಿಲ್ಲುವ ಇಂಜೆಕ್ಷನ್ ಕೊಟ್ಟು, ಡ್ರಿಪ್ ಹಾಕಿ, ಒದ್ದೆ ಬಟ್ಟೆ ಹೊದಿಸಿ ಉಳಿಸಿದರು. ಆ ಮದ್ದಿನ ಹೆಸರು ಮೆಟಾಲ್ಡಿಹೈಡ್. ಇದಕ್ಕೇ ಅಂತ ಪ್ರತಿವಿಷ ಇಲ್ಲ. ಹುಳುವನ್ನು ಸೆಳೆಯಬೇಕಲ್ಲ, ಹಾಗಾಗಿ ಅದರ ಗುಳಿಗೆಗೆ ಧಾನ್ಯದ ರುಚಿ ಇರುತ್ತದೆ. ಕೆಲವರು ತೌಡು, ಬೆಲ್ಲ ಕಲಸಿ ಬೇರೆ ಕೀಟನಾಶಕ ಸೇರಿಸಿ ಉಂಡೆ ಕಟ್ಟಿ ಇಡುತ್ತಾರೆ. ನಿಮ್ಮ ಗುಂಡನಂಥವನಿಗೆ ಅದು ಲಾಡು.

ಈ ದೊಡ್ಡ ಶಂಖದ ಹುಳು ಆಫ್ರಿಕದ್ದು. 1847ರಲ್ಲಿ ಮಾರಿಷಸ್‌ನಿಂದ ಕಲ್ಕತ್ತೆಗೆ ತಂದು ಬಿಟ್ಟರಂತೆ, ಅನುಭವಿಸುತ್ತಿರುವವರು ನಾವು. ಮನೆ ತೋಟಕ್ಕೆ ಮದ್ದೇ ಬೇಡ. ಸಂಜೆ ಗೋಣಿಚೀಲ ನೆನೆಸಿ, ಒಳಗೆ ಪಪ್ಪಾಯಿ ಎಲೆಯೋ ಕೋಸಿನ ಸಿಪ್ಪೆಯೋ ಇಟ್ಟು ಮೂಲೆಗೆ ಹಾಕಿ. ಬೆಳಿಗ್ಗೆ ಎತ್ತಿದರೆ ಅಡಿಯಲ್ಲಿ ಗುಂಪಾಗಿ ಕೂತಿರುತ್ತವೆ. ಕೈಗವಸು ಹಾಕಿಕೊಂಡು ಆರಿಸಿ ಉಪ್ಪುನೀರಿನ ಬಕೆಟ್‌ಗೆ ಹಾಕಿ. ಆ ಬಕೆಟ್‌ಗೂ ನಾಯಿ ಬಾಯಿ ಹಾಕದ ಹಾಗೆ ನೋಡಿಕೊಳ್ಳಿ.

ಹರಳು ಹಿಂಡಿ ಇನ್ನೊಂದು. ಎಣ್ಣೆ ತೆಗೆದ ಮೇಲೆ ಹರಳಿನ ವಿಷ ಎಣ್ಣೆಗೆ ಹೋಗುವುದಿಲ್ಲ, ಹಿಂಡಿಯಲ್ಲೇ ಉಳಿಯುತ್ತದೆ. ಅದಕ್ಕೆ ಮೂಳೆಪುಡಿ ಬೆರೆಸಿ ಗುಲಾಬಿ ಬುಡಕ್ಕೆ ಹಾಕಿದರೆ ಚುಕ್ಕಿ ಅಗೆದು ತೆಗೆಯುತ್ತಾಳೆ, ಗುಂಡ ತಿನ್ನುತ್ತಾನೆ. ಕೆಲಸ ಹಂಚಿಕೊಂಡ ಹಾಗೆ! ಬೇವಿನ ಹಿಂಡಿ ಹಾಕಿಸಿ, ಕಹಿ ಇರುವುದರಿಂದ ನಾಯಿ ಅಷ್ಟಾಗಿ ಮೂಸುವುದಿಲ್ಲ. ಇಲ್ಲವೇ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ಗುಲಾಬಿ ಏನೂ ಮುನಿಸಿಕೊಳ್ಳುವುದಿಲ್ಲ. ಕಾಫಿ ಗಷ್ಟು ಗಿಡಕ್ಕೆ ಒಳ್ಳೆಯದು ಅಂತ ಹಾಕುವವರಿದ್ದಾರೆ, ನಾಯಿ ಇರುವ ಮನೆಯಲ್ಲಿ ಅದೂ ಬೇಡ. ಕೆಫೀನ್ ನಾಯಿಯ ಎದೆಬಡಿತ ಕೆಡಿಸುತ್ತದೆ. ಹಣ್ಣು ಕೊಯ್ಯುವ ಕಾಲದಲ್ಲಿ ಬೇಲಿ ಹತ್ತಿರ ಉದುರಿದ ಕಾಫಿ ಹಣ್ಣನ್ನೂ ಗುಡಿಸಿಬಿಡಿ, ಸಿಪ್ಪೆ ಸಿಹಿ ಇರುತ್ತದೆ.

ಈಗ ಗಿಡ. ಸೈಕಾಸ್ ಖಂಡಿತ ಬೇಡ. ಪೂರ್ತಿ ಗಿಡವೇ ವಿಷ, ಬೀಜ ಇನ್ನೂ ಜಾಸ್ತಿ. ತಿಂದ ದಿನ ವಾಂತಿ ಮಾಡಿ ಹುಷಾರಾದಂತೆ ಕಾಣುತ್ತದೆ, ಎರಡು ಮೂರು ದಿನಕ್ಕೆ ಲಿವರ್ ಕೈಕೊಡುತ್ತದೆ. ನೋಡಲು ಚಂದ ಅನ್ನುವುದು ಬಿಟ್ಟರೆ ಅದರಿಂದ ಏನು ಪ್ರಯೋಜನ? ಹೂವಿಲ್ಲ, ನೆರಳಿಲ್ಲ.

ಕಣಗಲೆಯ ಎಲೆ, ಕಡ್ಡಿ, ಹೂವು ಎಲ್ಲ ಹೃದಯಕ್ಕೆ ಹೊಡೆಯುತ್ತವೆ, ಒಣಗಿದ ಮೇಲೂ. ಬಾಯಿಗೆ ಕಹಿ, ಹಾಗಾಗಿ ದೊಡ್ಡ ನಾಯಿಗಳು ಮೇಯಲು ಹೋಗುವುದಿಲ್ಲ. ಅಪಾಯ ಇರುವುದು ಕತ್ತರಿಸಿ ಹಾಕಿದ ಕಡ್ಡಿಯಲ್ಲಿ. ಲ್ಯಾಬ್ರಡಾರ್ ಕಡ್ಡಿ ಕಂಡರೆ ಬಾಯಲ್ಲಿ ಹಿಡಿದುಕೊಂಡೇ ಓಡಾಡುತ್ತದೆ ಅಲ್ವಾ? ಅತ್ತೆಯವರು ಬಿಡುವುದೇ ಇಲ್ಲ ಅಂದರೆ ಕಾಂಪೌಂಡಿನ ಹೊರಗೆ ಒಂದು ಗಿಡ ಹಾಕಿಸಿ. ಶಿವನಿಗೆ ತುಂಬೆ ಹೂವಿಗಿಂತ ಪ್ರೀತಿಯದು ಇಲ್ಲ ಅಂತಲೂ ಹೇಳಿ ನೋಡಿ. ಮಳೆ ಬಿದ್ದರೆ ನಿಮ್ಮ ಸೈಟಿನಲ್ಲಿ ತಾನೇ ಹುಟ್ಟುತ್ತದೆ. ದಾಸವಾಳ, ಮಲ್ಲಿಗೆ, ಗುಲಾಬಿಗೆ ಯೋಚನೆ ಬೇಡ.

ಆಂಥೂರಿಯಂ ಕೊಲ್ಲುವುದಿಲ್ಲ. ಪತ್ರೊಡೆಗೆ ಹುಣಸೆಹಣ್ಣು ಕಡಿಮೆಯಾದರೆ ಗಂಟಲು ಕೆರೆಯುತ್ತದಲ್ಲ, ಕೆಸುವಿನ ಆ ತುರಿಕೆಯೇ ಇದರಲ್ಲೂ ಇರುವುದು. ಒಂದು ಸಲ ಕಚ್ಚಿದರೆ ಬಾಯಿ ಉರಿದು ಮತ್ತೆ ಹತ್ತಿರ ಹೋಗುವುದಿಲ್ಲ. ಸ್ಟ್ಯಾಂಡ್ ಮೇಲಿಟ್ಟರೆ ಆಯಿತು. ತೋಟದಲ್ಲಿ ತಾನಾಗಿ ಬರುವ ಉಮ್ಮತ್ತಿ, ಗೌರಿ ಹೂವಿನ ಗಡ್ಡೆ ಮಾತ್ರ ಕಂಡಲ್ಲಿ ಕಿತ್ತುಹಾಕಿ. ಅಗೆಯುವವಳು ಒಬ್ಬಳಿದ್ದಾಳಲ್ಲ.


ಹಾಸನ ಹಳೇ ಕಾಂಪೌಂಡರ್:

ಅಕ್ಕ ಮೇಲೆ ಬರೆದದ್ದು ಸರಿ. ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡಿ ರಿಟೈರ್ ಆದವನು ನಾನು, ಒಂದೆರಡು ಮಾತು ಸೇರಿಸುತ್ತೇನೆ.

ವಿಷ ತಿಂದಿದೆ ಅಂತ ಅನುಮಾನ ಬಂದರೆ ಉಪ್ಪುನೀರು, ಹುಣಸೆ ನೀರು, ಎಣ್ಣೆ, ಹಸಿ ಮೊಟ್ಟೆ ಅಂತ ಕುಡಿಸುತ್ತಾ ಕೂರಬೇಡಿ. ನಡುಗುತ್ತಿರುವ ನಾಯಿಗೆ ಬಾಯಿ ತೆರೆದು ಏನಾದರೂ ಹುಯ್ದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಉಪ್ಪು ಜಾಸ್ತಿಯಾದರೆ ಅದೇ ಇನ್ನೊಂದು ವಿಷ. ಸಿಕ್ಕಿದ ಪೊಟ್ಟಣ, ಎಲೆ, ವಾಂತಿ, ಏನಿದ್ದರೂ ಚೀಲಕ್ಕೆ ಹಾಕಿಕೊಂಡು ಹೊರಡಿ. ಜನ ನಾಯಿಯನ್ನು ತರುತ್ತಾರೆ, ಪೊಟ್ಟಣ ಮನೆಯಲ್ಲೇ ಬಿಟ್ಟು ಬರುತ್ತಾರೆ. ಹೆಸರು ಗೊತ್ತಾದರೆ ಡಾಕ್ಟರ ಅರ್ಧ ಕೆಲಸ ಮುಗಿದ ಹಾಗೆ.

ಇಲಿ ಪಾಷಾಣದಲ್ಲಿ ಮೋಸ ಇದೆ. ಬ್ರೊಮಾಡಿಯೊಲೋನ್ ಇರುವ ಬಿಲ್ಲೆ ತಿಂದ ನಾಯಿ ಎರಡು ಮೂರು ದಿನ ಚೆನ್ನಾಗಿಯೇ ಇರುತ್ತದೆ. ಆಮೇಲೆ ವಸಡು ಬಿಳುಚುತ್ತದೆ, ಮೂಗಲ್ಲಿ ರಕ್ತ. ಮೊದಲೇ ಬಂದರೆ ವಿಟಮಿನ್ ಕೆ-1 ಕೊಟ್ಟು ಉಳಿಸಬಹುದು. ಹೊಸ ಮನೆಗೆ ಇಲಿ ಬಂದೇ ಬರುತ್ತದೆ, ಬೋನು ಇಡಿ.

ಹಳೆ ತೋಟದ ಜಾಗ ಅಂದಿರಿ. ಶೆಡ್ಡು ಇದ್ದಿದ್ದರೆ ಅದರ ಮೂಲೆ ನೋಡಿ. ಫೋರೇಟ್ ಅನ್ನುವ ಕೀಟನಾಶಕ 2020ರ ಕೊನೆಗೇ ನಿಷೇಧವಾಗಿದೆ, ಆದರೂ ಹಳೇ ಡಬ್ಬಿ ಕೆಲವು ಕಡೆ ಈಗಲೂ ಸಿಗುತ್ತದೆ. ಮೈಲುತುತ್ತದ (ಕಾಪರ್ ಸಲ್ಫೇಟ್) ಚೀಲವೂ ಅಷ್ಟೆ. ದೊಡ್ಡ ತೊಂದರೆಯಾದರೆ ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ನಿಮ್ಮಲ್ಲಿಂದ 60 ಕಿಲೋಮೀಟರ್ ಚಿಲ್ಲರೆ. ಆದರೆ ಮೊದಲ ಇಂಜೆಕ್ಷನ್ ಊರಲ್ಲೇ ಆಗಲಿ, ಆಮೇಲೆ ಕಾರು ಹತ್ತಿ.


ಕೈಮರ ಹೊಸಮನೆ:

ಅಕ್ಕ, ಸರ್, ಇಬ್ಬರಿಗೂ ಥ್ಯಾಂಕ್ಸ್. ಸೈಕಾಸ್ ಕ್ಯಾನ್ಸಲ್. ಹಿಂಡಿಯ ವಿಷಯ ಓದಿ ಹೇಳಿದ ಮೇಲೆ ಅತ್ತೆಯೇ ನರ್ಸರಿಯವರಿಗೆ ಫೋನ್ ಮಾಡಿದರು. ತುಂಬೆ ಹೂವಿನ ಮಾತಿಗೆ ಇನ್ನೂ ಒಪ್ಪಿಲ್ಲ, ಮಾತುಕತೆ ನಡೆಯುತ್ತಿದೆ. ಪಕ್ಕದ ತೋಟದವರ ಅಡಿಕೆ ಕೂಡ ಬೇಲಿ ದಾಟಿ ಬೀಳುತ್ತದೆ. ಅದರಿಂದ ತೊಂದರೆ ಇದೆಯಾ? ಬೇಲಿಯ ಬಗ್ಗೆಯೂ ಯಾರಾದರೂ ಹೇಳಿ.


ಮೂಡಿಗೆರೆ ಮಳೆಗಾಲ:

ಅಡಿಕೆ ಒಳ್ಳೆಯದಲ್ಲ. ಅದರಲ್ಲಿರುವ ಅರೆಕೊಲಿನ್ ಅನ್ನು ಹಿಂದೆ ನಾಯಿಗಳ ಹೊಟ್ಟೆಯ ಲಾಡಿಹುಳು ಬೀಳಿಸಲು ಔಷಧಿಯಾಗಿ ಕೊಡುತ್ತಿದ್ದರು. ಹುಳುವಿನ ಜೊತೆ ನಾಯಿಯೂ ಸುಸ್ತಾಗುತ್ತದೆ ಅಂತ ಆಮೇಲೆ ಬಿಟ್ಟರು. ಒಂದು ಅಗಿದರೆ ಜೊಲ್ಲು, ಭೇದಿ. ಆರಿಸಿ ಆಚೆ ಹಾಕಿ.

ಬೇಲಿಗೆ ಬರೋಣ. ಮುಳ್ಳುತಂತಿ ಬೇಡವೇ ಬೇಡ, ನುಸುಳಲು ಹೋಗಿ ಬೆನ್ನು ಸೀಳಿಕೊಳ್ಳುತ್ತವೆ. ಚೈನ್‌ಲಿಂಕ್ ಹಾಕಿಸಿ. ಚುಕ್ಕಿ ಇರುವುದರಿಂದ ಜಾಲರಿಯನ್ನು ಒಂದು ಅಡಿ ಮಣ್ಣೊಳಗೆ ಇಳಿಸಿ, ಬುಡಕ್ಕೆ ಕಾಡುಕಲ್ಲು ಜೋಡಿಸಿ. ಗೇಟಿನ ಕೆಳಗಿನ ಸಂದನ್ನು ಮರೆಯಬೇಡಿ, ಎಲ್ಲರೂ ಬೇಲಿಗೆ ಲಕ್ಷ ಸುರಿದು ಗೇಟಿನಡಿ ನಾಯಿ ತೂರುವಷ್ಟು ಜಾಗ ಬಿಟ್ಟಿರುತ್ತಾರೆ. ನೀರಿನ ಸಂಪು, ಇಂಗುಗುಂಡಿ ಎರಡಕ್ಕೂ ಭಾರದ ಮುಚ್ಚಳ ಇರಲಿ, ತಗಡು ಸಾಲದು.

ನಾಯಿ ಹೊರಗೆ ಹೋಗಬಾರದು ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. ತೋಟಗಳ ಅಂಚಲ್ಲಿ ಹಂದಿಗೆ ಅಂತ ಉರುಳು ಕಟ್ಟುವವರಿದ್ದಾರೆ, ಕಾನೂನು ಬಾಹಿರವಾದರೂ. ಕ್ಲಚ್ ವಯರಿನ ಕುಣಿಕೆ. ನಾಯಿ ಎಳೆದಷ್ಟೂ ಬಿಗಿಯುತ್ತದೆ.

ಇನ್ನು ಚಿರತೆ. ಬೇಲಿ ಎಷ್ಟೇ ಎತ್ತರ ಮಾಡಿದರೂ ಅದಕ್ಕೆ ಲೆಕ್ಕಕ್ಕಿಲ್ಲ. ಕತ್ತಲಾದ ಮೇಲೆ ನಾಯಿ ಮನೆಯೊಳಗೆ, ಇಲ್ಲವೇ ಮೇಲೂ ಸರಳು ಇರುವ ಗೂಡಿನೊಳಗೆ. ಮನೆ ಕಾಯಲಿ ಅಂತ ರಾತ್ರಿ ಅಂಗಳದಲ್ಲಿ ಸರಪಳಿ ಹಾಕಿ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ಅದು ಕಾವಲಲ್ಲ, ಚಿರತೆಗೆ ಊಟ ಬಡಿಸಿದ ಹಾಗೆ. ಹಳಬರು ಕೊರಳಿಗೆ ಮುಳ್ಳುಪಟ್ಟಿ ಕಟ್ಟುತ್ತಿದ್ದರು, ಈಗಲೂ ಕಟ್ಟುತ್ತಾರೆ. ಅದನ್ನೇ ನಂಬಿಕೊಂಡು ಹೊರಗೆ ಬಿಡಬೇಡಿ.

ಮಿಕ್ಕಿದ ಹಂಚು, ಇಟ್ಟಿಗೆ, ಸೆಂಟ್ರಿಂಗ್ ಹಲಗೆ ಬೇಗ ಸಾಗಿಸಿ, ಕೊಳಕುಮಂಡಲ ಸೇರಿಕೊಳ್ಳುತ್ತದೆ. ಮೊಳೆಗೆ ಸುಲಭ ಉಪಾಯ: ಹಳೇ ಸ್ಪೀಕರಿನ ಅಯಸ್ಕಾಂತಕ್ಕೆ ಹಗ್ಗ ಕಟ್ಟಿ ಮಣ್ಣ ಮೇಲೆ ಎಳೆದಾಡಿ. ಬೈಂಡಿಂಗ್ ವಯರಿನ ತುಂಡು, ಮೊಳೆ ಎಲ್ಲ ಗಡ್ಡ ಬೆಳೆದಂತೆ ಅಂಟಿಕೊಂಡು ಬರುತ್ತವೆ. ಟೈಲ್ಸ್ ಚೂರಿಗೆ ಮಾತ್ರ ಕುಕ್ಕರುಗಾಲಲ್ಲಿ ಕೂತು ಆರಿಸಬೇಕು, ಬೇರೆ ದಾರಿ ಇಲ್ಲ. ಸುಣ್ಣ ಕಲಸಿದ ಜಾಗದ ಮಣ್ಣು ಎತ್ತಿಸಿಬಿಡಿ, ಒದ್ದೆಯಾದರೆ ಪಾದ ಸುಡುತ್ತದೆ.


ಹಾಸನ ಹಳೇ ಕಾಂಪೌಂಡರ್:

ಉಣ್ಣೆ, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣುಗು, ಅದರ ವಿಚಾರ ಯಾರೂ ಹೇಳಲಿಲ್ಲ. ಬೇಲಿ ಪಕ್ಕದ ಲಂಟಾನ ಪೊದೆ ತೆಗೆಸಿ, ಹುಲ್ಲು ಗಿಡ್ಡ ಇರಲಿ, ತರಗೆಲೆ ರಾಶಿ ಬಿಡಬೇಡಿ. ಉಣ್ಣೆಯಿಂದ ನಾಯಿಗೆ ಬರುವ ಜ್ವರದಲ್ಲಿ ರಕ್ತ ಇಳಿದುಹೋಗುತ್ತದೆ. ಮನುಷ್ಯರಿಗೆ ಮಂಗನ ಕಾಯಿಲೆ ಬರುವುದೂ ಕಾಡಿನ ಉಣ್ಣೆಯಿಂದಲೇ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಗೊತ್ತಾದದ್ದು, ನಿಮ್ಮ ಜಿಲ್ಲೆಯ ಕೊಪ್ಪ, ಎನ್.ಆರ್. ಪುರದ ಕಡೆಯೂ ಇದೆ. ಗುಂಡ ಪೊದೆ ನುಗ್ಗಿ ಬಂದ ದಿನ ಕಿವಿ ಒಳಗೆ, ಬೆರಳ ಸಂದಿಯಲ್ಲಿ ನೋಡಿ. ಮನೆಯಲ್ಲಿ ಬೆಕ್ಕಿದ್ದರೆ ನಾಯಿಯ ಉಣ್ಣೆ ಔಷಧಿ ಅದಕ್ಕೆ ಹಚ್ಚಬೇಡಿ, ಕೆಲವದರಲ್ಲಿರುವ ಪರ್ಮೆತ್ರಿನ್ ಬೆಕ್ಕಿಗೆ ವಿಷ.


ಕೈಮರ ಹೊಸಮನೆ:

ಸ್ಪೀಕರ್ ಅಯಸ್ಕಾಂತ ಮಗನ ಕೈಗೆ ಕೊಟ್ಟಿದ್ದೇನೆ, ಊಟಕ್ಕೆ ಕರೆದರೂ ಬರುತ್ತಿಲ್ಲ. ಕೊನೆಯ ಪ್ರಶ್ನೆ. ನರ್ಸರಿಯವರು ಈಗ "ನಾಯಿಗೆ ಏನೂ ಆಗದ ಶಂಖದ ಹುಳುವಿನ ಮದ್ದು ಬಂದಿದೆ" ಅನ್ನುತ್ತಿದ್ದಾರೆ. ನಂಬಬಹುದಾ?


ಆಲ್ದೂರು ತೋಟದಮನೆ:

ಪೊಟ್ಟಣ ತರಿಸಿ ಹಿಂದಿನ ಸಣ್ಣ ಅಕ್ಷರ ಓದಿ. ಐರನ್ ಫಾಸ್ಫೇಟ್ ಅಂತಿದ್ದರೆ ಅಪಾಯ ಬಹಳ ಕಡಿಮೆ. ಆದರೂ ಚೀಲಗಟ್ಟಲೆ ತಿನ್ನುವ ಹಾಗೆ ಗುಂಡನ ಕೈಗೆ ಸಿಗಬಾರದು, ಬೀಗ ಹಾಕಿಡಿ. ಮೆಟಾಲ್ಡಿಹೈಡ್ ಅಂತಿದ್ದರೆ ಗೇಟಿನಿಂದಲೇ ವಾಪಸ್ ಕಳಿಸಿ. ಲೇಬಲ್ ಇಲ್ಲದೆ ಬಿಡಿಯಾಗಿ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಕೊಟ್ಟರೆ ಏನು ಹೇಳಿದರೂ ತಗೊಳ್ಳಬೇಡಿ. ಹಿಂದಿನ ತೋಟದವರನ್ನೂ ಒಮ್ಮೆ ಹೋಗಿ ಕಾಣಿ, ಅವರು ಮದ್ದು ಹಾಕುವ ದಿನ ಒಂದು ಫೋನ್ ಮಾಡಲಿ.