ಬಿಸಿಲಲ್ಲೂ ಹೊಲ ಬಿಡದ ಅಪ್ಪನಿಗೆ ಏನು ಹೇಳಲಿ?

ಪ್ರಶ್ನೆ (ಸಿಂಧನೂರಿನಿಂದ): ನಮ್ಮ ಕಡೆ ಮೇ ಬಿಸಿಲು ಗೊತ್ತಲ್ವಾ, 40 ಡಿಗ್ರಿ ದಾಟುತ್ತದೆ. ಅಪ್ಪನಿಗೆ 64, ಬಿಪಿ ಮಾತ್ರೆ ಬೇರೆ. "ತಲೆಗೆ ಟವೆಲ್ ಸುತ್ತಿದ್ದೇನಲ್ಲ" ಎಂದು ಮಧ್ಯಾಹ್ನವೇ ಹೊಲಕ್ಕೆ ಹೋಗುತ್ತಾರೆ. ನಿನ್ನೆ ಕಾಲಿನ ಮೀನಖಂಡ ಸೆಳೆದು, ಅದನ್ನು ಹಿಡಿದುಕೊಂಡು ಬಂದರು.

ಉತ್ತರ 1: ನಾನು ನರ್ಸ್. ಕೆಲವು ಬಿಪಿ ಮಾತ್ರೆಗಳು ಮೂತ್ರ ಜಾಸ್ತಿ ಮಾಡಿಸುತ್ತವೆ, ಹಾಗಾಗಿ ಬಿಸಿಲಲ್ಲಿ ಮೈಯ ನೀರು ಬೇಗ ಕಡಿಮೆಯಾಗಬಹುದು. ಮಾತ್ರೆ ನೀವೇ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ. ಮಾತು ತೊದಲಿದರೆ, ಗೊಂದಲವಾದರೆ 108ಕ್ಕೆ ಫೋನ್ ಮಾಡಿ. ನೆರಳಿಗೆ ತಂದು ಮೈಗೆ ನೀರು ಸುರಿದು ಗಾಳಿ ಹಾಕಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ನೀರು ಬೇಡ.

ಉತ್ತರ 2: ನಮ್ಮ ಕಲಬುರಗಿ ಕಡೆ ಬೇಸಿಗೆಯಲ್ಲಿ ಸರ್ಕಾರಿ ಆಫೀಸೇ ಬೆಳಿಗ್ಗೆ 8ಕ್ಕೆ ಶುರು! ಅದನ್ನೇ ಹೇಳಿ ನೋಡಿ.

ಪ್ರಶ್ನೆ ಕೇಳಿದವರು: ಆಫೀಸಿನ ಮಾತು ಹೇಳಿದೆ, ನಕ್ಕರು. ನಾಳೆ 6ಕ್ಕೇ ಹೊರಡುತ್ತಾರಂತೆ.