ಸಹಾಯ ಬೇಕು: ಅವ್ವನ ದನಿ ಇರೋ ಕ್ಯಾಸೆಟ್‌ಗೆ ಬೂಷ್ಟು ಹಿಡದೈತಿ

ನಮಸ್ಕಾರ್ರಿ ಎಲ್ಲಾರಿಗೂ. ನಮ್ಮವ್ವ ಗದಗದಾಗ ಕನ್ನಡ ಕಲಸ್ತಿದ್ಲು. ಸಾಲಿ ಹುಡುಗರಿಗೆ ಅಕ್ಕೋರು, ನಮಗ ಅವ್ವ. ಎದಿ ಕ್ಯಾನ್ಸರ್ ಬಂದ ಮ್ಯಾಲೂ ಆರು ವರ್ಷ ಬದುಕಿದ್ಲು. ಕಿಮೋದಾಗ ಕೂದಲಾ ಉದುರಿದ್ರೂ ತಲಿಮ್ಯಾಲ ಸೆರಗ ಹೊತ್ಕೊಂಡು ಸಾಲಿಗೆ ಹೋಗಾಕಿ.

ಗದುಗಿನ ಕುಮಾರವ್ಯಾಸನ ಭಾಮಿನಿ ಷಟ್ಪದಿ ಅಂದ್ರ ಅಕಿಗೆ ಜೀವ. "ಮೂರು ನಾಕು, ಮೂರು ನಾಕು" ಅಂತ ಮಾತ್ರೆ ಎಣಿಸ್ಕೋತ ಬಳಿ ಸಪ್ಪಳಾಗೋ ಹಂಗ ಟೇಬಲ್ ಬಡಿಯಾಕಿ. ಆ ಪಾಠ ಒಂದು 60 ನಿಮಿಷದ ಕ್ಯಾಸೆಟ್‌ನ್ಯಾಗ ಐತಿ. ಅವ್ವನ ದನಿ ಅಂತ ಉಳದಿದ್ದು ಅದೊಂದ.

ಮೊನ್ನೆ ಟ್ರಂಕಿನಿಂದ ತಗದು ನೋಡಿದ್ರ ಟೇಪಿನ ಸುರುಳಿಗೆ ಬಿಳಿ ಬೂಷ್ಟು. ಹುಬ್ಬಳ್ಳ್ಯಾಗ ಒಬ್ರು "ಒಮ್ಮೆ ಪೂರ್ತಿ ಓಡಸ್ರಿ, ತಾನ ಉದುರತೈತಿ" ಅಂದ್ರು. ಧಾರವಾಡದಾಗ ಇನ್ನೊಬ್ರು "ಹಾಕಲೇಬ್ಯಾಡ್ರಿ, ಟೇಪ್ ಹರೀತೈತಿ, ಪ್ಲೇಯರ್ ಹೆಡ್ಡಿಗೂ ಬೂಷ್ಟು ಹತ್ತತೈತಿ" ಅಂದ್ರು. ಅವರ ಕಡೆ ಸ್ವಚ್ಛ ಮಾಡೋ ಸಾಮಾನಿಲ್ಲಂತ. ನಾ ಇನ್ನೂ ಹಾಕಿಲ್ಲ, ಧೈರ್ಯ ಬರವಲ್ದು. ನಾಕು ಮೂಲಿಗೆ ಸ್ಕ್ರೂ ಅದಾವ, ಬಿಚ್ಚಾಕ ಬರತೈತಿ.

ಓಡಸೋಕಿಂತ ಮೊದಲ ಬೂಷ್ಟು ಹೆಂಗ ತಗೀಬೇಕು? ಹುಬ್ಬಳ್ಳಿ, ಧಾರವಾಡ, ಗದಗ ಕಡೆ ಸ್ವಚ್ಛ ಮಾಡಿ ಪೆನ್‌ಡ್ರೈವ್‌ಗೆ ಹಾಕಿಕೊಡೋರು ಯಾರರ ಅದಾರೇನ್ರಿ?