ಹೆದೆಯನ್ನು ಪೂರ್ತಿ ಸೆಳೆದ ಮೇಲೆ ತೋಳು ನಡುಗುತ್ತದೆ, ಏನು ಮಾಡಲಿ?

ಹಾನುಬಾಳು ಬೆಳೆಗಾರ:
ಕೊಯ್ಲಿನ ದಿನಗಳಲ್ಲಿ 50 ಕೆ.ಜಿ. ಕಾಫಿ ಚೀಲವನ್ನು ಹೊತ್ತು ಕಣಕ್ಕೆ ತರುವವನು ನಾನು. ಆದರೆ ಹೊಸದಾಗಿ ಕೊಂಡ 38 ಪೌಂಡಿನ ರಿಕರ್ವ್ (ತುದಿಗಳು ಮುಂದಕ್ಕೆ ಬಾಗಿದ) ಬಿಲ್ಲು, ಅಂದರೆ ಸುಮಾರು 17 ಕೆ.ಜಿ. ಎಳೆತ, ನನ್ನನ್ನು ಸೋಲಿಸುತ್ತಿದೆ. ಹೆದೆ ಗದ್ದಕ್ಕೆ ತಾಗಿ ನಾಲ್ಕು ಎಣಿಸುವಷ್ಟರಲ್ಲಿ ಎಡತೋಳು ನಡುಗಿ, ಬಾಣದ ಮೊನೆ ಗುರಿಯ ಸುತ್ತ ಅಲೆಯುತ್ತದೆ.

ಅಮೆರಿಕದಲ್ಲಿರುವ ನನ್ನ ಭಾವ ಪರವಾನಗಿ ಪಡೆದು ಬಿಲ್ಲಿನಿಂದ ಜಿಂಕೆ ಬೇಟೆಯಾಡುತ್ತಾರೆ. ಪ್ರಾಣಿ ಮರದ ಮರೆಯಿಂದ ಈಚೆ ಬರುವವರೆಗೆ ಸೆಳೆದ ಹೆದೆಯನ್ನು ಹಾಗೇ ಹಿಡಿದು ಕಾಯುತ್ತಾರಂತೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ, ನನಗೂ ಅದರ ಆಸೆಯಿಲ್ಲ. ಹಿತ್ತಲಿನ ಹುಲ್ಲಿನ ಗುರಿಯೇ ಸಾಕು. ಆದರೆ ಆ ಹಿಡಿತ ಬೇಕು.

ಬಿಲ್ಲುಗಾರ್ತಿ, ಚಿಕ್ಕಮಗಳೂರು:
ಸರ್, ಚೀಲದ ಭಾರ ಬೆನ್ನುಮೂಳೆಯ ಮೂಲಕ ಕಾಲಿಗೆ ಇಳಿಯುತ್ತದೆ. ಬಿಲ್ಲಿನ ಭಾರವನ್ನು ತಡೆಯಬೇಕಾದದ್ದು ಹೆಗಲ ಹಲಗೆಗಳ ನಡುವಿನ ಸ್ನಾಯುಗಳು, ಚೀಲ ಹೊತ್ತು ಅವು ಪಳಗುವುದಿಲ್ಲ. ಅವು ದಣಿದಾಗ ಎಡಹೆಗಲು ಕಿವಿಯ ಕಡೆ ಏರುತ್ತದೆ, ಆಮೇಲೆ ಬರಿಯ ತೋಳು ಹೋರಾಡುತ್ತದೆ. ಬೇಲೂರಿನ ಚೆನ್ನಕೇಶವ ಗುಡಿಗೆ ಹೋದಾಗಲೆಲ್ಲ ಮದನಿಕೆಯರಲ್ಲಿ ಬೇಟೆಗಾರ್ತಿಯನ್ನು ಹುಡುಕಿ ಮೊದಲು ಅವಳ ಹೆಗಲನ್ನೇ ನೋಡುತ್ತೇನೆ!

ಇನ್ನೊಂದು ವಿಷಯ. ಬಿಲ್ಲಿನ ಮೇಲೆ ಬರೆದ ಪೌಂಡ್ 28 ಇಂಚಿನ ಎಳೆತಕ್ಕೆ ಲೆಕ್ಕ. ನಿಮ್ಮ ತೋಳು ಉದ್ದವಾಗಿದ್ದರೆ ಪ್ರತಿ ಇಂಚಿಗೆ ಹತ್ತಿರ ಹತ್ತಿರ 2 ಪೌಂಡ್ ಏರುತ್ತದೆ. 30 ಇಂಚು ಸೆಳೆಯುವವರಾದರೆ ನೀವು ಹಿಡಿಯುತ್ತಿರುವುದು 42. ಕಲಿಯುವವರಿಗೆ ಇದು ತುಂಬಾ ಹೆಚ್ಚು, ದಯವಿಟ್ಟು ಹಟ ಹಿಡಿಯಬೇಡಿ. ಬಿಚ್ಚಿ ಜೋಡಿಸುವ ಬಿಲ್ಲಾದರೆ 24 ಪೌಂಡಿನ ಲಿಂಬ್ (ಹಿಡಿಯ ಮೇಲೆ, ಕೆಳಗೆ ಇರುವ ಬಾಗುವ ಪಟ್ಟಿಗಳು) ಹಾಕಿಕೊಳ್ಳಿ.

ಗುರಿಯ ಎದುರೇ ನಿಂತು, ಬಾಣ ಹೂಡಿ, ಹೆದೆ ಸೆಳೆದು 30 ಸೆಕೆಂಡ್ ಹಿಡಿಯಿರಿ. ಬಿಡದೆ ನಿಧಾನವಾಗಿ ಹಿಂದಕ್ಕೆ ತನ್ನಿ. ಒಂದು ನಿಮಿಷ ಬಿಡುವು, ಮತ್ತೆ ಹಿಡಿತ, ಹೀಗೆ ಎಂಟು ಸಲ, ದಿನ ಬಿಟ್ಟು ದಿನ. ಬಾಣ ಹೂಡಿಯೇ ಮಾಡಿ. ಬರಿ ಹೆದೆ ಕೈಜಾರಿದರೆ ಲಿಂಬ್ ಸೀಳಬಹುದು. ಮಳೆ ಹಿಡಿದ ದಿನ ಒಳಗೆ ಹಳೆಯ ಸೈಕಲ್ ಟ್ಯೂಬನ್ನು ಎಳೆಯಿರಿ, ಬಲ ಮೊಣಕೈಯನ್ನು ಬೆನ್ನ ಹಿಂದೆ ತಿರುಗಿಸುವಂತೆ. ನಡುಕ ಬಂದರೆ ಹೆದರಬೇಕಿಲ್ಲ. ಹೆಗಲಿನ ಮುಂಭಾಗದಲ್ಲಿ ಚುಚ್ಚುವ ನೋವು ಬಂದರೆ ಅಂದೇ ನಿಲ್ಲಿಸಿ.

ಅರಸೀಕೆರೆ ಓದುಗ:
ನಿಮ್ಮ ಭಾವನವರ ಬಿಲ್ಲು ಕಾಂಪೌಂಡ್ ಇರಬಹುದು. ಅದರ ತುದಿಗಳಲ್ಲಿರುವ ಕ್ಯಾಮ್ ಎಂಬ ಚಕ್ರಗಳು ತಿರುಗಿದ ಮೇಲೆ ಭಾರ ಇಳಿಯುತ್ತದೆ. 80 ಶೇಕಡಾ ಇಳಿಕೆಯ 50 ಪೌಂಡಿನ ಬಿಲ್ಲಿನಲ್ಲಿ ಕೈಗೆ ಉಳಿಯುವುದು 10 ಮಾತ್ರ. ರಿಕರ್ವ್ ಪೂರ್ತಿ ಭಾರವನ್ನು ಕೊನೆಯವರೆಗೂ ಕೊಡುತ್ತದೆ. ಅವರ ಹಿಡಿತಕ್ಕೆ ನಿಮ್ಮದನ್ನು ಹೋಲಿಸಿ ನೊಂದುಕೊಳ್ಳಬೇಡಿ.

ಹಾನುಬಾಳು ಬೆಳೆಗಾರ:
ಭಾವನಿಗೆ ಫೋನ್ ಮಾಡಿ ಕೇಳಿದೆ, ಕಾಂಪೌಂಡೇ! ನನ್ನ ಎಳೆತ ಇಪ್ಪತ್ತೊಂಬತ್ತೂವರೆ ಇಂಚು. 24ರ ಲಿಂಬ್ ಹಾಕಿ ಮೂರು ವಾರವಾಯಿತು. ನಿನ್ನೆ ಎಂಟೂ ಸಲ 30 ಸೆಕೆಂಡ್ ಹಿಡಿದೆ. ಹಿಂದೆ ನಿಂತು ನೋಡುತ್ತಿದ್ದ ಹೆಂಡತಿ, ಕೊನೆಯ ಎರಡರಲ್ಲಿ ಹೆಗಲು ಏರಿತು ಎಂದಳು. 26ಕ್ಕೆ ಯಾವಾಗ ಹೋಗಲಿ, ಮೇಡಂ?

ಬಿಲ್ಲುಗಾರ್ತಿ, ಚಿಕ್ಕಮಗಳೂರು:
ಎಂಟನೆಯದರಲ್ಲೂ ಹೆಗಲು ಏರಲಿಲ್ಲ ಎಂದು ಅವರು ಹೇಳಿದ ದಿನ.